ಮೂವತ್ತು ಪರ್ಸೆಂಟ್ ಹೃದಯ

ನಾನಿರುವುದು ಸ್ವೀಡನ್ನಿನ ಗೋಥೆನ್‌ಬರ್ಗ್ ಪಕ್ಕದ ಮೊಲ್ನ್‌ಡಾಲ್‌ನಲ್ಲಿ. ಇದೆಲ್ಲಿಯ ಊರು ಎಂದು ನೆಂಟರು ಕೇಳಿದರೆ ‘ನಿಮ್ಮ ಮಾತ್ರೆ ಡಬ್ಬಿ ತೆಗೀರಿ’ ಅನ್ನುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ ಒಮೆಪ್ರಜೋಲ್ ಆಗಿದ್ದರೆ ಅದು ಹುಟ್ಟಿದ್ದು ಇಲ್ಲಿ. ಬಿಪಿಗೆಂದು ಬರೆದುಕೊಟ್ಟದ್ದು ಮೆಟೊಪ್ರೊಲಾಲ್ ಆಗಿದ್ದರೆ ಅದೂ ಇಲ್ಲೇ. ಎರಡೂ ಆಸ್ಟ್ರಾ ಬಳಗದ ಹೆಸ್ಲೆ ಕಂಪನಿಯ ಶೋಧಗಳು. ಸಾಗರ ಸೀಮೆಯ ನಮ್ಮ ನೆಂಟರಲ್ಲಿ ಅರ್ಧ ಜನ ತಮಗೇ ಗೊತ್ತಿಲ್ಲದೆ ಮೊಲ್ನ್‌ಡಾಲ್‌ನ ಗಿರಾಕಿಗಳು.

ಅಪ್ಪ ಈ ಸಾಲಿಗೆ ಸೇರಿದ್ದು ಬಿಪಿಯಿಂದಲ್ಲ. ತೋಟದಿಂದ ಮನೆಯ ಏರು ಹತ್ತುವಾಗ ಏದುಸಿರು. ಸಂಜೆಗೆ ಪಾದ ಊದಿ, ಬೆರಳಲ್ಲಿ ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ತಲೆಯಡಿಯ ದಿಂಬು ಒಂದಿದ್ದದ್ದು ಮೂರಾಯಿತು. ಅಮ್ಮ ‘ವಯಸ್ಸಾಯ್ತಲ್ಲ’ ಅಂದಳು. ಶಿವಮೊಗ್ಗದ ಡಾಕ್ಟರು ಎಕೋ ಮಾಡಿಸಿ, ಹೃದಯದ ಎಡಗೋಣೆ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಮೂವತ್ತು ಪರ್ಸೆಂಟ್ ಮಾತ್ರ ಹೊರಗೆ ತಳ್ಳುತ್ತಿದೆ ಅಂದರು. ಅಪ್ಪ ಫೋನಿನಲ್ಲಿ ನನಗೆ ವರದಿ ಒಪ್ಪಿಸಿದ: ‘ಪಾಸಿಗೆ ಮೂವತ್ತೈದು. ಐದಕ್ಕೆ ಹೋಯ್ತು ನೋಡು.’ ಈ ಪರೀಕ್ಷೆಯಲ್ಲಿ ಗಟ್ಟಿಮುಟ್ಟಾದವರಿಗೂ ಅರವತ್ತರ ಆಸುಪಾಸೇ. ನೂರಕ್ಕೆ ನೂರು ಯಾರಿಗೂ ಇಲ್ಲ ಎಂದು ಸಮಾಧಾನ ಹೇಳಿದೆ.

ಅಂಕ ಕೊಟ್ಟ ಎಕೋ ಯಂತ್ರದ ಮೂಲವೂ ಸ್ವೀಡನ್ನೇ. ಲುಂಡ್‌ನ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಮೊದಲು ಮಾಲ್ಮೋದ ಹಡಗುಕಟ್ಟೆಯಿಂದ, ಲೋಹದೊಳಗಿನ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಉಪಕರಣವನ್ನು ಎರವಲು ತಂದು ಪ್ರಯೋಗಿಸಿದರು. 1953ರ ಅಕ್ಟೋಬರಿನಲ್ಲಿ ಮಿಡಿಯುವ ಹೃದಯದ ಚಲನೆಯನ್ನು ದಾಖಲಿಸಿಯೇ ಬಿಟ್ಟರು.

ಹೃದಯ ದುರ್ಬಲವಾದರೆ ಕಾಲೇಕೆ ಊದಬೇಕು? ಪಾಪ, ಅದು ಮೂತ್ರಪಿಂಡದ ತಪ್ಪು ತಿಳಿವಳಿಕೆ. ತನಗೆ ಬರುವ ರಕ್ತ ಕಡಿಮೆಯಾದದ್ದೇ ತಡ, ಮೈಯಲ್ಲಿ ನೀರೇ ಬತ್ತಿತೆಂದು ಬಗೆದು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಕಾಲಿಗಿಳಿಯುತ್ತದೆ, ಶ್ವಾಸಕೋಶದಲ್ಲೂ ನಿಲ್ಲುತ್ತದೆ. ಜೊತೆಗೆ ಅಡ್ರಿನಲಿನ್ ಬಂದು ಹೃದಯವನ್ನು ಓಡಿಸತೊಡಗುತ್ತದೆ. ನಾಲ್ಕು ದಿನಕ್ಕೆ ಇದು ಉಪಕಾರ, ವರ್ಷಗಟ್ಟಲೆ ಆದರೆ ಕೊಲೆ.

ಹಿಂದಿನ ವೈದ್ಯರು ಕಂಡದ್ದು ಉಪಕಾರವನ್ನಷ್ಟೇ. ಸೋತ ಹೃದಯ ಅಡ್ರಿನಲಿನ್ ಬಲದಲ್ಲೇ ನಿಂತಿದೆ, ಅದನ್ನು ತಡೆಯುವ ಬೀಟಾ ಬ್ಲಾಕರ್ ಕೊಟ್ಟರೆ ರೋಗಿ ಕೈತಪ್ಪಿದಂತೆ ಎಂಬುದು ಪಠ್ಯಪುಸ್ತಕದ ಮಾತು. ಗೋಥೆನ್‌ಬರ್ಗಿನ ಸಾಲ್‌ಗ್ರೆನ್ಸ್ಕಾ ಆಸ್ಪತ್ರೆಯ ಫಿನ್ ವಾಗ್‌ಸ್ಟೈನ್, ಓಕೆ ಯಾಲ್ಮಾರ್ಸನ್ ಮತ್ತು ಸಂಗಡಿಗರು ಆ ನಿಷಿದ್ಧ ಔಷಧವನ್ನೇ ಕೊಟ್ಟು ನೋಡಿದರು. 1975ರಲ್ಲಿ ಅವರು ಪ್ರಕಟಿಸಿದ್ದು ಬರೀ ಏಳು ರೋಗಿಗಳ ಕಥೆ. ಏಳು ಜನ ಚೇತರಿಸಿಕೊಂಡರೆ ಜಗತ್ತು ನಂಬುತ್ತದೆಯೇ? ಮಾತ್ರೆ ನಿಲ್ಲಿಸಿದರೆ ಹೃದಯ ಮತ್ತೆ ಕುಸಿಯುತ್ತದೆಂದು ಕಾರ್ಲ್ ಸ್ವೆಡ್‌ಬರ್ಗ್ ಬಳಗ 1980ರಲ್ಲಿ ತೋರಿಸಿತು. ಆದರೂ ಅನುಮಾನ ಹೋಗಲಿಲ್ಲ. 1999ರಲ್ಲಿ ಪ್ರಕಟವಾದ, ಸುಮಾರು ನಾಲ್ಕು ಸಾವಿರ ರೋಗಿಗಳ ಮೇಲೆ ನಡೆದ ಮೆರಿಟ್ ಅಧ್ಯಯನ, ಬೀಟಾ ಬ್ಲಾಕರ್ ಆದ ಮೆಟೊಪ್ರೊಲಾಲ್ ತೆಗೆದುಕೊಂಡವರಲ್ಲಿ ಸಾವು ಮೂರನೇ ಒಂದರಷ್ಟು ತಗ್ಗಿದ್ದನ್ನು ಕಂಡು ಅವಧಿಗೆ ಮುಂಚೆಯೇ ನಿಂತಿತ್ತು. ಕಾಲು ಶತಮಾನ ಇದೊಂದಕ್ಕೇ ಹಟ ಹಿಡಿದು ಕೂತವರ ಬಗ್ಗೆ ನನಗೆ ಭಕ್ತಿಯೇ ಇದೆ.

ಅಪ್ಪನ ತಕರಾರೂ ಪಠ್ಯಪುಸ್ತಕದ್ದೇ. ಡಾಕ್ಟರು ಮೊದಲು ನೀರಿಳಿಸಿ, ಆಮೇಲೆ ಮೆಟೊಪ್ರೊಲಾಲನ್ನು ಚೂರಿನಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ಏರಿಸತೊಡಗಿದ್ದರು. ಆರಂಭದಲ್ಲಿ ಸುಸ್ತು ಹೆಚ್ಚೇ ಆಗುತ್ತದೆ. ‘ಸುಸ್ತು ಅಂತ ಹೋದವನಿಗೆ ಸುಸ್ತಿನ ಮಾತ್ರೆಯೇ? ನಿಮ್ಮ ಊರಿನವರಿಗೆ ತಲೆ ಸರಿ ಇದೆಯಾ?’ ನಾನು ಸಾಲ್‌ಗ್ರೆನ್ಸ್ಕಾದ ಪುರಾಣ ಒಪ್ಪಿಸಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡು, ‘ಓಹೋ, ಬಡಕಲು ಎತ್ತಿಗೆ ಬಾರುಕೋಲು ಬೀಸೋದು ನಿಲ್ಲಿಸೋದು. ಇಷ್ಟು ಹೇಳೋಕೆ ಅರ್ಧ ಗಂಟೆ ಬೇಕಿತ್ತಾ?’ ಎಂದ.

ಇಲ್ಲಿ ಇಂಥ ರೋಗಿಗಳಿಗೆ ತರಬೇತಿ ಪಡೆದ ನರ್ಸ್‌ಗಳೇ ನಡೆಸುವ ಪ್ರತ್ಯೇಕ ಕ್ಲಿನಿಕ್‌ಗಳಿವೆ; ತೂಕ ವಿಚಾರಿಸಿ ಡೋಸ್ ಹೊಂದಿಸುತ್ತಾರೆ. ಸಾಗರದಲ್ಲಿ ಆ ವಿಚಾರಣೆ ಅಮ್ಮನದು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದವನನ್ನು, ಕಾಫಿಗೆ ಮುಂಚೆ, ಅಡಿಕೆ ತೂಗುವ ಕಾಟಾದ ಮೇಲೆ ಹತ್ತಿಸಿ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾಳೆ. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಅನ್ನದ ಕೊಬ್ಬಲ್ಲ, ಒಳಗೆ ನಿಂತ ನೀರು. ಆಗ ಡಾಕ್ಟರಿಗೆ ಫೋನು.

ಏರಿದಾಗಲೆಲ್ಲ ಅಮ್ಮನ ಸಂಶಯ ಭರಣಿಯ ಕಡೆಗೆ ತಿರುಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಅಟ್ಟಕ್ಕೇರಿಸಿದ್ದಾಳೆ. ಮೊನ್ನೆ ಮಿಡ್‌ಸಮ್ಮರ್ ಹಬ್ಬದ ಊಟದ ಮೇಜನ್ನು ವೀಡಿಯೊದಲ್ಲಿ ತೋರಿಸುತ್ತಿದ್ದೆ. ಗಾಜಿನ ಬಾಟಲಿಯಲ್ಲಿರುವುದೇನು ಎಂದ ಅಪ್ಪ. ಉಪ್ಪು, ವಿನಿಗರ್‌ಗೆ ಹಾಕಿದ ಹೆರಿಂಗ್ ಮೀನು ಅಂದೆ. ‘ನಿಮ್ಮ ಡಾಕ್ಟರುಗಳು ತಿಂತಾರಾ?’ ತಿಂತಾರೆ ಅಂದೆ. ಅಪ್ಪ ಅಡುಗೆಮನೆಯತ್ತ ತಿರುಗಿ ಜೋರಾಗಿ ಕೂಗಿದ: ‘ಕೇಳ್ತಾ? ಮಾತ್ರೆ ಕಂಡುಹಿಡಿದವರಿಗೇ ಪಥ್ಯ ಇಲ್ವಂತೆ!’