ಲಾರಿಯಿಂದ ಇಳಿದ ಮೇಲೆ

ದಸರೆಗೆ ಸುಮಾರು ಎರಡು ತಿಂಗಳಿರುವಾಗ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣ. ಕಾಡಂಚಿನ ಆ ಊರಿನಲ್ಲಿ ಆನೆಗಳಿಗೆ ಪೂಜೆಯಾಗುತ್ತದೆ, ಕಬ್ಬು ಬೆಲ್ಲ ಬಾಯಿಗೆ ಬೀಳುತ್ತದೆ, ನಾಲ್ಕು ಹೆಜ್ಜೆ ಮೆರವಣಿಗೆಯೂ ನಡೆಯುತ್ತದೆ. ಆಮೇಲೆ ಲಾರಿ. ಹಿಂದೆ ಮೈಸೂರಿನವರೆಗೆ ನಡೆದೇ ಬರುತ್ತಿದ್ದವು. ಈಗ ಪಯಣ ಹೆಸರಿಗಷ್ಟೇ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಲಾರಿ ನೇರವಾಗಿ ಅರಮನೆಗೆ ಹೋಗುವುದಿಲ್ಲ. ಅಶೋಕಪುರದ ಅರಣ್ಯ ಭವನದಲ್ಲಿ ಆನೆಗಳನ್ನು ಇಳಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಅಲ್ಲಿಂದ ಅರಮನೆಯ ಜಯಮಾರ್ತಾಂಡ ದ್ವಾರದವರೆಗೆ ನಡೆಸಿಕೊಂಡೇ ಬರುತ್ತಾರೆ. ಅಷ್ಟು ದೂರದ ದಾರಿಯನ್ನು ಲಾರಿಗೆ ಒಪ್ಪಿಸಿದವರು ಈ ತುಂಡು ದಾರಿಯನ್ನು ಮಾತ್ರ ಏಕೆ ಉಳಿಸಿಕೊಂಡರು?

ಶಾಸ್ತ್ರಕ್ಕೆ ಎಂದರೆ ಮಾತು ಮುಗಿದುಹೋಗುತ್ತದೆ, ಆದರೆ ಮುಂದಿನ ದಿನಗಳ ತಾಲೀಮು ಬೇರೆ ಕತೆ ಹೇಳುತ್ತದೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿ.ಮೀ. ಮೊದಲು ಬರಿಬೆನ್ನಿನಲ್ಲಿ, ಆಮೇಲೆ ನಮ್ದಾ, ಗಾದಿ ಎಂಬ ಮೆತ್ತೆಗಳನ್ನು ಬಿಗಿದು ಮರಳು ಮೂಟೆ ಹೇರಿ, ಕಡೆಗೆ ಮರದ ಅಂಬಾರಿ ಹೊರಿಸಿ ನಡೆಸುತ್ತಾರೆ. ಚಾಮುಂಡೇಶ್ವರಿ ಕೂರುವ ಚಿನ್ನದ ಅಂಬಾರಿಯದು 750 ಕೆ.ಜಿ. ಭಾರ. ಭಾರವೊಂದೇ ಚಿಂತೆಯಾಗಿದ್ದರೆ ಅರಮನೆಯ ಅಂಗಳದಲ್ಲೇ ಸುತ್ತು ಹಾಕಿಸಬಹುದಿತ್ತು. ಬೇಕಾಗಿರುವುದು ಸಯ್ಯಾಜಿರಾವ್ ರಸ್ತೆಯ ಪರಿಚಯ: ಆಟೋ ಹಾರನ್ನು, ಅಂಗಡಿ ದೀಪ, ಒತ್ತಿ ನಿಲ್ಲುವ ಜನ. ಆನೆಯ ಅಂಗಾಲಿನ ಮೆತ್ತೆ ನೆಲದ ನಡುಕವನ್ನೂ ಗುರುತಿಸುತ್ತದೆ. ಕಾಡಿನ ಮಣ್ಣು ತುಳಿದ ಆ ಪಾದಕ್ಕೆ ಡಾಂಬರು ಓದಲು ಬಾರದ ಲಿಪಿ. ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಅರ್ಜುನ 8 ಸಲ ಅಂಬಾರಿ ಹೊತ್ತವನು. ಅವನಿಗೂ ತಾಲೀಮಿನಿಂದ ವಿನಾಯಿತಿ ಇರಲಿಲ್ಲ. ಕಲಿತ ದಾರಿಯೇ ಆದರೂ ಊರು ಹೋದ ವರ್ಷದ್ದಲ್ಲವಲ್ಲ. ಹಾಗಾಗಿ ನಡೆದು ಒಳಬರುವುದನ್ನು ನಾನು ಹರಕೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಊರೂ ಬಂದವರೂ ಪರಸ್ಪರ ಒಗ್ಗಿಕೊಳ್ಳುವ ಬಗೆ.

ಹಾಗಿದ್ದರೆ ಪೂರ್ತಿ ದಾರಿ ನಡೆಸುವುದೇ ಸರಿಯಲ್ಲವೇ ಎನ್ನಬಹುದು. ಅಲ್ಲ. ಕಾಲು ಬೊಬ್ಬೆಯೆದ್ದರೂ ನಡೆಯುತ್ತೇನೆ ಎನ್ನುವ ಯಾತ್ರಿಕ ತಾನೇ ಹೊರಟವನು. ಆನೆಯನ್ನು ಯಾರೂ ಕೇಳಿರುವುದಿಲ್ಲ. ಬಸ್ಸು, ಟಿಪ್ಪರುಗಳ ಹುಣಸೂರು ರಸ್ತೆಯಲ್ಲಿ ಅದನ್ನು ದಿನಗಟ್ಟಲೆ ನಡೆಸುವುದು ನಮ್ಮ ಭಕ್ತಿಗೆ ಅದರ ಕಾಲು ಸವೆಸಿದಂತೆ. ಆಷಾಢ ಶುಕ್ರವಾರ ಪಿರಿಯಾಪಟ್ಟಣದಿಂದಲೋ ಕೆ.ಆರ್. ನಗರದಿಂದಲೋ ಬಸ್ಸಿನಲ್ಲಿ ಬಂದು, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನಷ್ಟೇ ಹತ್ತುವವರ ಲೆಕ್ಕವೂ ಇದೇ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. 2024ರ ಸೆಪ್ಟೆಂಬರಿನ ಒಂದು ರಾತ್ರಿ ಧನಂಜಯ ಎಂಬ ಆನೆ ಅಟ್ಟಿಸಿಕೊಂಡು ಬಂದ ಹೊಡೆತಕ್ಕೆ ಇನ್ನೊಂದು ಆನೆ ಕಂಜನ್ ಅರಮನೆಯಿಂದ ಹೊರಗೆ, ರಸ್ತೆಗೇ ಓಡಿಬಂದ. ಎಲ್ಲಿ ಹೋಯಿತು ಆ ಪರಿಚಯ? ಅದು ಆನೆ ಆನೆಗಳ ಜಗಳ, ಊರಿನ ಭಯವಲ್ಲ, ಮಾವುತರು ಬೇಗನೆ ಹತೋಟಿಗೆ ತಂದರು ಎಂದು ಹೇಳಬಹುದು, ಹೇಳುತ್ತೇನೆ ಕೂಡ. ಆದರೆ ಆನೆಗೆ ಪೇಟೆಯೇ ಬೇಡ ಎನ್ನುವವರಿಗೆ ಇದು ಉತ್ತರವಾಗದು, ಅವರ ಮಾತನ್ನು ತಳ್ಳಿಹಾಕುವ ಧೈರ್ಯವೂ ನನಗಿಲ್ಲ. ಕರೆತರುವುದೇ ನಿಜವಾದರೆ ನಡೆಸಿ ಪಳಗಿಸದೆ ಕರೆತರಬಾರದು ಎಂಬುದಷ್ಟೇ ನನ್ನ ವಾದ.

ಆ ತುಂಡು ದಾರಿಯ ನಡಿಗೆ ಊರಿಗೆ ಒಗ್ಗಲೆಂದೇ ಎಂಬುದಕ್ಕೆ ಪುರಾವೆ ಬೇಕಾದರೆ ವಾಪಸು ಹೊರಡುವ ದಿನ ನೋಡಬೇಕು. ಅಂದು ಅಶೋಕಪುರದವರೆಗೆ ನಡೆಸುವ ಮಾತೇ ಇಲ್ಲ. ಅರಮನೆಯ ಅಂಗಳದಲ್ಲೇ ಪೂಜೆ, ಅಲ್ಲೇ ಲಾರಿ. ಮಾವುತ, ಕಾವಾಡಿಗಳ ಹೆಂಡಿರು ಮಕ್ಕಳೂ ಗಂಟುಮೂಟೆ ಕಟ್ಟಿಕೊಂಡು ಹೊರಟಿರುತ್ತಾರೆ. ಒಮ್ಮೊಮ್ಮೆ ಯಾವುದೋ ಆನೆ ಲಾರಿ ಹತ್ತಲು ಒಲ್ಲೆನೆಂದು ಹಿಂಗಾಲು ಊರಿ ನಿಂತುಬಿಡುತ್ತದೆ.