ತಲಾಂತು ಹೂತಿಡುವವರು ಯಾರು?

ಸುಗ್ಗಿ ಹಬ್ಬದ ಭಾನುವಾರ ನಮ್ಮ ಕಡೆಯ ದೇವಾಲಯಗಳಿಗೆ ಹೊಲ ಇದ್ದವರು ಜೋಳದ ಚೀಲ ತರುತ್ತಾರೆ. ಕೋಳಿ ಸಾಕಿದವರು ಕೋಳಿ, ಹಿತ್ತಲಲ್ಲಿ ಬಳ್ಳಿ ಹಬ್ಬಿಸಿದವರು ಕುಂಬಳಕಾಯಿ. ಆರಾಧನೆ ಮುಗಿದ ಮೇಲೆ ಅವುಗಳ ಹರಾಜು. ಹೊಲವೂ ಇಲ್ಲದ, ಕೋಳಿಯೂ ಇಲ್ಲದ ನಮ್ಮಂಥ ಸುದ್ದಿ ಬರೆಯುವವರು ಏನು ತರಬೇಕು? "ನಿಮ್ಮ ತಲಾಂತು ಐತಲ್ಲ, ಅದನ್ನ ದೇವರಿಗೆ ಕೊಡ್ರಿ" ಅನ್ನುತ್ತಾರೆ ಹಿರಿಯರು. ಅಂದರೆ ಸಭೆಯ ವರದಿ, ಸ್ಮರಣ ಸಂಚಿಕೆ, ಬ್ಯಾನರಿನ ಮೇಲಿನ ಮಾತು ಎಲ್ಲ ನಾವೇ ಬರೆಯಬೇಕು. ಬರೆಯುತ್ತೇವೆ, ಖುಷಿಯಿಂದಲೇ.

ತಲಾಂತು ಅನ್ನುವ ಪದ ಬಂದಿದ್ದು ಬೈಬಲ್‌ನಿಂದ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯ ಅದು. ಪರದೇಶಕ್ಕೆ ಹೊರಟ ಯಜಮಾನ ಒಬ್ಬ ಆಳಿಗೆ ಐದು ತಲಾಂತು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ಕೊಟ್ಟ. ಇಬ್ಬರು ವ್ಯಾಪಾರ ಮಾಡಿ ಎರಡು ಪಟ್ಟು ಮಾಡಿದರು. ಮೂರನೆಯವನು ಹೆದರಿ ನೆಲ ಅಗೆದು ಹೂತಿಟ್ಟ. ಆಗ ತಲಾಂತು ಅಂದರೆ ಪ್ರತಿಭೆ ಅಲ್ಲ, ಬೆಳ್ಳಿಯ ತೂಕ. ಒಂದು ತಲಾಂತಿಗೆ ಸುಮಾರು 6000 ದಿನದ ಕೂಲಿ. ವಾರಕ್ಕೆ ಆರು ದಿನ ದುಡಿದರೂ ಹತ್ತಿರ ಹತ್ತಿರ 20 ವರ್ಷದ ದುಡಿಮೆ! ಒಂದೇ ಸಿಕ್ಕವನೂ ಬಡವ ಆಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು "ನಮಗೇನ್ ಬರ್ತೈತ್ರಿ" ಅನ್ನುವ ಅಕ್ಕಂದಿರಿಗೆ ಈ ಲೆಕ್ಕ ಯಾರೂ ಹೇಳುವುದೇ ಇಲ್ಲ.

ಡಿಪ್ಲೊಮಾ ಓದುವಾಗ ನಮಗೆಲ್ಲ ಬಾಯಿಪಾಠ ಆಗಿದ್ದ ಒಂದು ದಿನ 1843ರ ಜುಲೈ 1. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಬಂದ ದಿನ. ಕಲ್ಲಚ್ಚಿನಲ್ಲಿ ಅದನ್ನು ತಂದವರು ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್. ಸುವಾರ್ತೆ ಸಾರಲು ಬಂದ ಪಾದ್ರಿ ಊರ ಸುದ್ದಿ ಅಚ್ಚು ಹಾಕಿದರು, ದಾಸರ ಪದಗಳನ್ನೂ ಅಚ್ಚು ಹಾಕಿದರು. ಅದೇ ಮಿಷನ್‌ನಿಂದ 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್‌ಗೆ ಆಗ 21 ವರ್ಷ. ಅವರು ಕ್ರಿಸ್ತನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದರು. ಹಳಗನ್ನಡದ ವ್ಯಾಕರಣ, ಛಂದಸ್ಸಿನ ಗ್ರಂಥ ಸಂಪಾದಿಸಿದರು. ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ, ಅಷ್ಟೊತ್ತಿಗೆ ವಯಸ್ಸು 62. ಸುಮಾರು 70 ಸಾವಿರ ಪದ. ಅದರಲ್ಲಿ ಗಾದೆಗಳೂ ಇವೆ, ಹಳ್ಳಿಯವರು ಆಡುವ ಮಾತೂ ಇದೆ. ಇವತ್ತು ಅದನ್ನು ತೆರೆಯುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ.

ಇದನ್ನು ದೇವರ ಸೇವೆ ಅನ್ನಬಹುದೇ? ನಮ್ಮ ಪ್ರಕಾರ ಖಂಡಿತ ಅನ್ನಬಹುದು. ದೇವರಿಗೆ ಕೊಟ್ಟ ಪ್ರತಿಭೆ ದೇವಾಲಯದ ಗೋಡೆಯೊಳಗೇ ಇರಬೇಕು ಅಂತ ಕಿಟೆಲ್ ತಿಳಿದಿದ್ದರೆ ನಮಗೆ ಆ ನಿಘಂಟು ಸಿಗುತ್ತಿರಲಿಲ್ಲ. ಇನ್ನೊಂದು ಮಾತು, ಅವರು ಕಲಿತು ಕೊಟ್ಟರು. ನಮ್ಮಲ್ಲಿ ಕೀರ್ತನೆ ಶ್ರುತಿ ತಪ್ಪಿದರೆ "ದೇವರು ಮನಸ್ಸು ನೋಡ್ತಾನ" ಅಂತ ಮುಂದೆ ಹೋಗುತ್ತೇವೆ. ಮನಸ್ಸು ನೋಡುತ್ತಾನೆ, ಸರಿ. ಹಾಗಂತ ಶನಿವಾರ ಸಂಜೆ ಒಂದು ತಾಸು ಪ್ರಾಕ್ಟೀಸ್ ಮಾಡಲು ಏನು ಅಡ್ಡಿ?

ಮಾಡಬೇಕೆಂದವರಿಗೂ ಒಂದು ಅಡ್ಡಿ ಇದೆ. ಹೇಳಿದರೆ ಕೆಲವರಿಗೆ ಸಿಟ್ಟು ಬಂದೀತು. ನಮಗೆ ಗೊತ್ತಿರುವ ಒಂದು ಸಭೆಯಲ್ಲಿ ಕೂಲಿ ಮಾಡುವ ಮನೆಯ ಹುಡುಗನೊಬ್ಬ ಕೀಬೋರ್ಡ್ ನುಡಿಸುತ್ತಿದ್ದ. ಮೊಬೈಲ್ ನೋಡಿ ಕಲಿತವನು, ಒಮ್ಮೆ ಕೇಳಿದ ರಾಗ ಬಿಡುತ್ತಿರಲಿಲ್ಲ. ಪ್ರಾಕ್ಟೀಸಿಗೆ, ಆರಾಧನೆಗೆ, ಕ್ರಿಸ್ಮಸ್‌ನಲ್ಲಿ ರಾತ್ರಿ ಮನೆಮನೆ ಹಾಡಿಗೆ ಎಂಟು ಕಿಲೋಮೀಟರ್ ದೂರದಿಂದ ಬರುತ್ತಿದ್ದ. ಬಸ್ ಚಾರ್ಜ್ ಕೊಡ್ತೀರಾ ಅಂತ ಒಂದು ದಿನ ಕೇಳಿದ. "ದೇವರ ಕೆಲಸಕ್ಕೆ ರೊಕ್ಕ ಕೇಳ್ತೀಯೇನೋ ತಮ್ಮಾ?" ಅಂದರು. ಅದೇ ಕಮಿಟಿ ಆ ತಿಂಗಳು ಹೊರಗಿಂದ ಬಂದ ಭಾಷಣಕಾರರಿಗೆ ಕಾರು, ಶಾಲು, ಕವರ್ ಎಲ್ಲ ಕೊಟ್ಟಿತ್ತು.

ಸುದ್ದಿಗೆ ಇಷ್ಟು ಅಂತ ಪಡೆಯುವ, ಪೆಟ್ರೋಲ್ ಕೈಯಿಂದ ಹಾಕಿಕೊಳ್ಳುವ ಸ್ಟ್ರಿಂಗರ್‌ಗಳಾದ ನಮಗೆ ಈ ಮಾತು ಹೊಸದಲ್ಲ. "ಸಮಾಜ ಸೇವೆ ಅಲ್ವೇನ್ರಿ" ಅಂತ ನಮಗೂ ಹೇಳುತ್ತಾರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಕೆಲಸ ಕಲಿಸಿದರು, ಕೂಲಿಯನ್ನೂ ಕೊಟ್ಟರು. ಹೊಸದಾಗಿ ಕ್ರೈಸ್ತರಾಗಿ ಊರ ಕಸುಬು ಕಳೆದುಕೊಂಡವರ ಮನೆಯಲ್ಲಿ ಒಲೆ ಉರಿಯಬೇಕಿತ್ತು. ಅಪೊಸ್ತಲನಾದ ಪೌಲನೂ ಡೇರೆ ಮಾಡುವ ಕಸುಬಿನಿಂದ ದುಡಿದವನೇ.

ಸಾಮ್ಯದಲ್ಲಿ ತಲಾಂತು ಹೂತವನು ಆ ಆಳೇ. ನಮ್ಮಲ್ಲಿ ಎಷ್ಟೋ ಸಲ ಗುಂಡಿ ತೋಡುವವರು ಸುತ್ತ ನಿಂತ ಹಿರಿಯರು. ಆ ಹುಡುಗ ಈಗ ಪೇಟೆಯ ಆರ್ಕೆಸ್ಟ್ರಾದಲ್ಲಿ ಮದುವೆಗಳಿಗೆ ನುಡಿಸುತ್ತಾನೆ, ಭಾನುವಾರ ಮುಹೂರ್ತ ಜಾಸ್ತಿ. ಸಭೆಯಲ್ಲಿ ಮೊಬೈಲಿನ ಟ್ರ್ಯಾಕ್ ಸ್ಪೀಕರಿಗೆ ಹಾಕಿ ಹಾಡುತ್ತಾರೆ. ನಡುವೆ ಯಾರದಾದರೂ ಫೋನ್ ಬಂದರೆ ಹಾಡು ನಿಲ್ಲುತ್ತದೆ.