ಮಾವನ ಪೆಟ್ರೋಲು ಲೆಕ್ಕ

ಪೆಟ್ರೋಲಿನ ಲೆಕ್ಕವನ್ನು ನಮ್ಮ ಗಡಿನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಂಗಳೂರಿಗೆ ಹೋದವರು ತಲಪಾಡಿ ದಾಟುವ ಮೊದಲು ಆಚೆಯ ಬಂಕಿನಲ್ಲಿ ಟ್ಯಾಂಕು ತುಂಬಿಸಿಯೇ ಹಿಂದಿರುಗುತ್ತಾರೆ. ಕಲ್ಲಿಕೋಟೆಗೆ ಹೊರಟವರು ಮಾಹೆಯಲ್ಲಿ ಗಾಡಿ ನಿಲ್ಲಿಸುತ್ತಾರೆ. 2017ರಲ್ಲಿ ದೇಶಕ್ಕೆಲ್ಲ ಒಂದೇ ತೆರಿಗೆ ಎಂದು ಜಿ.ಎಸ್.ಟಿ. ಬಂದಾಗಲೂ ಪೆಟ್ರೋಲು ಅದರ ಹೊರಗೇ ಉಳಿಯಿತು. ಒಂದೊಂದು ರಾಜ್ಯಕ್ಕೆ ಒಂದೊಂದು ತೆರಿಗೆ. ಆದ್ದರಿಂದ ಗಡಿಯೆಂಬುದು ನಮಗೆ ಭೂಪಟದಲ್ಲಿ ಮಾತ್ರವಲ್ಲ, ಬಂಕಿನ ಮೀಟರಿನಲ್ಲಿಯೂ ಕಾಣುತ್ತದೆ. ಇಷ್ಟೆಲ್ಲ ಬಲ್ಲ ನಾನು ಒಮ್ಮೆ ಒಂದು ಪೆಟ್ರೋಲು ಲೆಕ್ಕದಲ್ಲಿ ತಪ್ಪಿದೆ. ಕೂಡಿಸುವುದರಲ್ಲಿ ತಪ್ಪಿರಲಿಲ್ಲ. ಆದರೂ ಲೆಕ್ಕ ತಪ್ಪಾಯಿತು. ಅದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ನನ್ನ ಸೋದರಮಾವ ಕೊಯಮತ್ತೂರಿಗೆ ಹೋದದ್ದು 1954ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಹೊಟೇಲಿನಲ್ಲಿ ಲೋಟ ತೊಳೆಯಲು. ಆಗ ಕುಂಬಳೆಯಿಂದ ಹೊರಟು ಕೊಯಮತ್ತೂರಿನಲ್ಲಿ ಇಳಿದರೆ ರಾಜ್ಯ ಬಿಟ್ಟು ಹೋದಂತಾಗುತ್ತಿರಲಿಲ್ಲ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಅವರ ಕೊಯಮತ್ತೂರು ಜಿಲ್ಲೆಯೂ ಮದರಾಸಿನ ಕೆಳಗೇ ಇದ್ದವು. ಕೊಳ್ಳೇಗಾಲ ಕೂಡ ಆಗ ಕೊಯಮತ್ತೂರು ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ ಬಂತು, ಮಾವ ಇದ್ದಲ್ಲಿಯೇ ಉಳಿದರು. “ನಾನು ಎಲ್ಲಿಗೂ ಹೋಗಲಿಲ್ಲ, ಊರೇ ದೂರ ಹೋಯಿತು” ಎಂದು ಅವರು ನಗುತ್ತಿದ್ದರು.

ಆಮೇಲೆ ಸ್ವಂತ ಹೊಟೇಲು ಮಾಡಿದರು; ತಿರುಪ್ಪೂರಿನಲ್ಲಿ ಬನಿಯನ್ ಕಾರ್ಖಾನೆಗಳು ಹೆಚ್ಚಿದಾಗ ಅಲ್ಲಿಯೂ ಒಂದು ಸಣ್ಣ ಶಾಖೆ ತೆರೆದರು. 1983ರಲ್ಲಿ ಎರಡನೆಯ ಕೈಯ ಒಂದು ಅಂಬಾಸಿಡರ್ ಕೊಂಡರು. ಹಾಲುಬಣ್ಣದ್ದು, 1489 ಸಿ.ಸಿ.ಯ ಪೆಟ್ರೋಲು ಇಂಜಿನಿನದ್ದು. ಮುಂದೆ ಮೂವರು, ಹಿಂದೆ ನಾಲ್ವರು, ಮಡಿಲಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಕಾಫಿಪುಡಿಯ ಡಬ್ಬಿ, ಹಲಸಿನ ಹಪ್ಪಳದ ಕಟ್ಟು. ಎಷ್ಟು ಹೇರಿದರೂ ಬೇಡ ಎನ್ನದ ಗಾಡಿ. ಅದಕ್ಕಿದ್ದ ದುರ್ಗುಣ ಒಂದೇ, ಬಾಯಾರಿಕೆ. ಲೀಟರಿಗೆ ಒಂಬತ್ತು ಕಿಲೋಮೀಟರು ಕೊಟ್ಟರೆ ಅಂದು ಮಾವನ ಮುಖ ಅರಳುತ್ತಿತ್ತು.

ನಾನು 1986ರಲ್ಲಿ ಓದಲೆಂದು ಅವರ ಮನೆ ಸೇರಿದೆ; ಸಂಜೆ ಹೊಟೇಲಿನ ಲೆಕ್ಕ ಬರೆಯುತ್ತಿದ್ದೆ. ಪೆಟ್ರೋಲಿನ ಪುಸ್ತಕ ಮಾತ್ರ ಮಾವನದೇ ಕೈಬರಹ. ಉದ್ದನೆಯ ನೋಟು ಪುಸ್ತಕ, ಐದು ಅಂಕಣ: ತಾರೀಕು, ಮೀಟರು, ಲೀಟರು, ರೂಪಾಯಿ. ಐದನೆಯದಕ್ಕೆ ತಲೆಬರಹ ಇರಲಿಲ್ಲ. ಟ್ಯಾಂಕನ್ನು ಬಾಯಿತನಕ ತುಂಬಿಸಿ ಮೀಟರು ಬರೆಯುವುದು, ಮುಂದಿನ ಸಲ ಮತ್ತೆ ಬಾಯಿತನಕ ತುಂಬಿಸಿ ನಡುವಿನ ದೂರವನ್ನು ಲೀಟರಿನಿಂದ ಭಾಗಿಸುವುದು. ಮೈಲೇಜು ಅಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಇಂದಿಗೂ ಕಂಡಿಲ್ಲ. 1990ರ ಆಗಸ್ಟಿನಲ್ಲಿ ಇರಾಕು ಕುವೈತಿನ ಮೇಲೆ ಬಿದ್ದಾಗ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಸುದ್ದಿಯಿಲ್ಲದೆ ಗೋಳಾಡಿದರು. ಮಾವನ ಪುಸ್ತಕದಲ್ಲಿ ಆ ಪುಟದ ಅಂಚಿಗೆ “ಕುವೈತ್” ಎಂದು ಬರೆದು ಅಡಿಗೆರೆ ಹಾಕಿದೆ. ಕೆಳಗೆ ದರದ ಅಂಕಿ ಏರುತ್ತಾ ಹೋಗಿದೆ.

ಹಳೆಯ ಪೆಟ್ರೋಲು ಇಂಜಿನಿನ ಹೊಟ್ಟೆಯ ಸಂಗತಿಯನ್ನು ನನಗೆ ತಿಳಿಸಿದವನು ಮಾವನ ಮೆಕ್ಯಾನಿಕ್. ಅವನು ದೇವಾಂಗರವನು. ಕೊಯಮತ್ತೂರಿನ ನೇಕಾರ ಕೇರಿಗಳಲ್ಲಿ ದೇವಾಂಗರು, ಉಡುಮಲೆಪೇಟೆಯ ಹಳ್ಳಿಗಳಲ್ಲಿ ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತಾ ಬಂದವರು. ಅವರಲ್ಲಿ ಹೆಚ್ಚಿನವರಿಗೆ ಕನ್ನಡದ ಅಕ್ಷರ ಬಾರದು. ಅವನೂ ಹಾಗೆಯೇ. ತಮಿಳು ಬೆರೆತ ಹಳೆಯ ಕನ್ನಡದಲ್ಲಿ ವಿವರಿಸುತ್ತಿದ್ದ: ಕಾರ್ಬುರೇಟರಿನ ಜೆಟ್ಟು ಸವೆದರೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲು ಇಳಿಯುತ್ತದೆ, ಚೋಕು ಪೂರ್ತಿ ಒಳಕ್ಕೆ ಹೋಗದಿದ್ದರೆ ದಾರಿಯುದ್ದಕ್ಕೂ ಕುಡಿಯುತ್ತದೆ, ಟೈರಿನಲ್ಲಿ ಗಾಳಿ ಕಡಿಮೆಯಾದರೆ ಅದೂ ದಂಡವೇ, ಐವತ್ತರ ವೇಗದಲ್ಲಿ ಹೋದರೆ ಉಳಿತಾಯ, ಎಂಬತ್ತಕ್ಕೆ ಏರಿಸಿದರೆ ಗಾಳಿಯನ್ನು ತಳ್ಳುವುದಕ್ಕೇ ಪೆಟ್ರೋಲು ಖರ್ಚು.

ಗಾಳಿಯ ಮಾತಿನಲ್ಲಿ ಮಾವನದು ಒಂದು ಸಿದ್ಧಾಂತವಿತ್ತು. ಆಟಿ ತಿಂಗಳಲ್ಲಿ ಊರಿಗೆ ಹೋಗುವಾಗ ಗಾಡಿ ಹೆಚ್ಚು ಕುಡಿಯುತ್ತದೆ, ಹಿಂದೆ ಬರುವಾಗ ಕಡಿಮೆ ಎಂದು. ನಾನು ನಕ್ಕಿದ್ದೆ. ಆದರೆ ಅದು ನಿಜ. ಪಶ್ಚಿಮ ಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಹತ್ತಿರ ದೊಡ್ಡದೊಂದು ಬಾಗಿಲಿದೆ. ಮುಂಗಾರಿನ ಗಾಳಿ ಅದರೊಳಗಿಂದ ನುಗ್ಗಿ ಪೂರ್ವಕ್ಕೆ ಬೀಸುತ್ತದೆ. ಉಡುಮಲೆ, ಪಲ್ಲಡಂ ಕಡೆ ಇಂದು ಸಾಲುಸಾಲಾಗಿ ಗಾಳಿಯಂತ್ರಗಳು ನಿಂತಿರುವುದು ಆ ಗಾಳಿಯನ್ನು ನಂಬಿಯೇ. ಅದಕ್ಕೆ ಎದೆಗೊಟ್ಟು ವಾಳಯಾರಿನ ಕಡೆ ಹೊರಟ ಅಂಬಾಸಿಡರಿಗೆ ಬಾಯಾರಿಕೆ ಹೆಚ್ಚಾಗದೆ ಇದ್ದೀತೆ?

ವರ್ಷಕ್ಕೆ ಮೂರು ಸಲ ಊರಿಗೆ ಬರುತ್ತಿದ್ದರು: ಬೇಸಗೆ ರಜೆಗೆ, ಆಟಿಯಲ್ಲಿ ಅಜ್ಜಿಯನ್ನು ನೋಡಲು, ದೀಪಾವಳಿಗೆ. ಕೊಯಮತ್ತೂರಿನಿಂದ ಪಾಲಕ್ಕಾಡು, ಕಲ್ಲಿಕೋಟೆ, ಮಾಹೆ, ಕಣ್ಣೂರು, ಕಾಸರಗೋಡು ದಾಟಿ ಕುಂಬಳೆಗೆ ಸುಮಾರು 380 ಕಿಲೋಮೀಟರು. ಬೆಳಗ್ಗೆ ನಾಲ್ಕಕ್ಕೆ ಬಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಗಾಡಿಯೊಳಗೆ ಮಾವನದೊಂದು ಕಾನೂನು: ವಾಳಯಾರು ದಾಟಿದ ಮೇಲೆ ತಮಿಳು ಕೂಡದು, ಇಂಗ್ಲಿಷು ಕೂಡದು. ಹೊಟೇಲಿನಲ್ಲಿ ತಮಿಳು, ಅಡಿಗೆಯವರ ಹತ್ತಿರ ಮಲೆಯಾಳ, ಶಾಲೆಯಲ್ಲಿ ಇಂಗ್ಲಿಷು ಆಡುವ ಮಕ್ಕಳು ಹತ್ತು ಹನ್ನೆರಡು ಗಂಟೆ ಕನ್ನಡದಲ್ಲಿಯೇ ಜಗಳವಾಡಬೇಕು, ಕನ್ನಡದಲ್ಲಿಯೇ ಹಸಿವು ಹೇಳಬೇಕು. ಅತ್ತೆ ಕತೆ ಹೇಳುತ್ತಿದ್ದರು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ರೇಷನು ಬಂದಾಗ ಬಸ್ಸುಗಳ ಹಿಂದೆ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಓಡಿಸುತ್ತಿದ್ದುದನ್ನು ಮಾವ ವರ್ಣಿಸುತ್ತಿದ್ದರು. 1920ರಲ್ಲಿ ಜಿ.ಡಿ. ನಾಯ್ಡು ಒಂದೇ ಬಸ್ಸಿನಿಂದ ಪೊಳ್ಳಾಚಿ-ಪಳನಿ ದಾರಿಯಲ್ಲಿ ಉದ್ಯಮ ಕಟ್ಟಿದ್ದು ಅವರ ಮೆಚ್ಚಿನ ಉದಾಹರಣೆ.

ಆ ಕಾಲದಲ್ಲಿ ಕೊಯಮತ್ತೂರಿನ ಗ್ಯಾರೇಜುಗಳಲ್ಲಿ ಪೆಟ್ರೋಲು ಇಂಜಿನು ಕಿತ್ತು ಡೀಸೆಲಿನದನ್ನು ಕೂರಿಸುವುದು ದಿನನಿತ್ಯದ ಕೆಲಸ. ಡೀಸೆಲಿನ ಬೆಲೆ ಪೆಟ್ರೋಲಿನದಕ್ಕಿಂತ ಬಹಳ ಕಡಿಮೆ, ಮೈಲೇಜು ಅದಕ್ಕಿಂತ ಹೆಚ್ಚು. ಮೆಕ್ಯಾನಿಕ್ ಎರಡು ಸಲ ಹೇಳಿದ, ನಾನು ಹತ್ತು ಸಲ ಹೇಳಿದೆ. ಮಾವನದು ಒಂದೇ ಉತ್ತರ: “ಬೇಡ. ಆ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ.” ದುಡ್ಡು ಬಿಚ್ಚಲಾರದವರ ನೆವ ಎಂದುಕೊಂಡೆ.

2001ರ ದೀಪಾವಳಿಯ ಮರುದಿನ ನಾನು ಪುಸ್ತಕ ಹಿಡಿದು ಕೂತೆ. ಆಗ ನಾನು ಬ್ಯಾಂಕಿನ ನೌಕರ, ನಾಲ್ಕು ಜನ ಕೇಳುವ ಮಾತಿನವನು. ಪೆಟ್ರೋಲು ಲೀಟರಿಗೆ ಮೂವತ್ತು ರೂಪಾಯಿ ಎಂದು ಹಿಡಿದು ವರ್ಷದ ಮೊತ್ತ ಓದಿದೆ: 42,000 ರೂಪಾಯಿಗೂ ಹೆಚ್ಚು. “ಮಾವ, ಇದು ಕಾರಲ್ಲ, ಸೋರುವ ಕೊಡ. ರೈಲಿದೆ, ಬಸ್ಸಿದೆ. ಮಾರಿಬಿಡಿ” ಎಂದೆ. ಮಕ್ಕಳೂ ನನ್ನ ಕಡೆಗೇ ಇದ್ದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ, ನೀನು ಓದಿದವನು” ಎಂದು ಎದ್ದು ಹೋದರು. ಒಂದು ತಿಂಗಳೊಳಗೆ ಗಾಡಿ ಮಾರಾಟವಾಯಿತು.

ಆಮೇಲೆ ಊರಿಗೆ ಬರುವುದು ನಿಂತಿತೆಂದಲ್ಲ. ಮಾವ ರೈಲಿನಲ್ಲಿ ಬಂದರು, ಒಬ್ಬರೇ. ಅತ್ತೆಗೆ ಮಂಡಿ ನೋವು, ರೈಲು ಹತ್ತಲಾರರು. ಮಕ್ಕಳಿಗೆ ಪರೀಕ್ಷೆ, ಆಮೇಲೆ ಕೆಲಸ. ಕಾರು ಏಳು ಜನರನ್ನು ತರುತ್ತಿತ್ತು. ರೈಲು ಒಬ್ಬರನ್ನು ತಂದಿತು. ಅಜ್ಜಿ ತೀರಿಹೋದಾಗ ಅತ್ತೆಯೂ ಮಕ್ಕಳೂ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾವ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ತಿರುಪ್ಪೂರು ಬೇರೆ ಜಿಲ್ಲೆಯಾದ 2009ರಲ್ಲಿಯೇ ಮಾವ ತೀರಿಕೊಂಡರು. ಅತ್ತೆ ಪೆಟ್ರೋಲಿನ ಪುಸ್ತಕವನ್ನು ನನ್ನ ಕೈಗಿತ್ತು, “ಲೆಕ್ಕ ನಿನಗೇ ಗೊತ್ತು” ಎಂದರು. ಮನೆಗೆ ಬಂದು ಮೊದಲ ಬಾರಿಗೆ ಐದನೆಯ ಅಂಕಣ ಓದಿದೆ. “ತಿರುಪ್ಪೂರು, ಪಾತ್ರೆ.” “ತಿರುಪ್ಪೂರು, ಕಾಫಿಪುಡಿ.” ಹೀಗೆ ಪುಟಗಟ್ಟಲೆ. ನಡುನಡುವೆ ಬೇರೆ ಬಗೆಯವು: “ಊರಿಗೆ. ಏಳು ಜನ. ಮಾಹೆಯಲ್ಲಿ ತುಂಬಿಸಿದೆ. ಮಾತು ಚೆನ್ನಾಯಿತು.” “ಅಮ್ಮ ಮಕ್ಕಳ ಗುರುತು ಹಿಡಿದರು.” ಇನ್ನೊಂದು: “ಕುಂಬಳೆಯಲ್ಲಿ ಸಣ್ಣವಳು ಕನ್ನಡ ಬೋರ್ಡು ತಾನೇ ಓದಿದಳು. ಮಿಠಾಯಿ 2 ರೂ.” ಪೆಟ್ರೋಲಿನ ಪುಸ್ತಕದಲ್ಲಿ ಮಿಠಾಯಿಯ ಲೆಕ್ಕ ಅದೊಂದೇ.

ಅಂದು ರಾತ್ರಿ ಕೂತು ಲೆಕ್ಕವನ್ನು ಎರಡಾಗಿ ಒಡೆದೆ. ತಿರುಪ್ಪೂರಿಗೆ ಹೋಗಿಬರಲು ನೂರು ಕಿಲೋಮೀಟರು, ವಾರಕ್ಕೆರಡು ಸಲ. ವರ್ಷಕ್ಕೆ 10,400 ಕಿಲೋಮೀಟರು, 1,155 ಲೀಟರು, 34,650 ರೂಪಾಯಿ. ಊರಿಗೆ ಹೋಗಿಬರಲು 760 ಕಿಲೋಮೀಟರು, ವರ್ಷಕ್ಕೆ ಮೂರು ಸಲ. 253 ಲೀಟರು, 7,600 ರೂಪಾಯಿ. ಐದರಲ್ಲಿ ಒಂದು ಪಾಲೂ ಅಲ್ಲ! ಕಾಫಿಪುಡಿಯನ್ನು ಬಸ್ಸಿನ ಮೇಲೆ ಹಾಕಿ ಕಳುಹಿಸಿದ್ದರೆ ಕೊಡ ಸೋರುವುದು ನಿಲ್ಲುತ್ತಿತ್ತು, ಕಾರು ಉಳಿಯುತ್ತಿತ್ತು. ನಾನು ಎರಡು ಲೆಕ್ಕವನ್ನು ಒಂದೇ ಮೊತ್ತ ಮಾಡಿ ಓದಿದ್ದೆ. ಬ್ಯಾಂಕಿನಲ್ಲಿ ಹೀಗೆ ಮಾಡಿದ್ದರೆ ಮೆಮೊ ಬರುತ್ತಿತ್ತು.

ಇಂದು ಆ ಕಾರಿದ್ದಿದ್ದರೆ ಸಾಕುವುದು ಇನ್ನೂ ಕಷ್ಟ, ನಿಜ. 2010ರ ಜೂನಿನಲ್ಲಿ ಪೆಟ್ರೋಲಿನ ದರವನ್ನು ಸರಕಾರ ಕೈಬಿಟ್ಟಿತು, 2014ರ ಅಕ್ಟೋಬರಿನಲ್ಲಿ ಡೀಸೆಲಿನದನ್ನೂ ಬಿಟ್ಟಿತು. 2017ರ ಜೂನಿನಿಂದ ದರ ದಿನದಿನವೂ ಬದಲಾಗುವ ಪದ್ಧತಿ ಬಂತು, 2021ರಲ್ಲಿ ನೂರು ದಾಟಿತು. ಈಗ ನೂರರಲ್ಲಿ ಇಪ್ಪತ್ತು ಪಾಲು ಎಥನಾಲು ಬೆರೆಸುತ್ತಾರೆ. ಅದರ ಕಸುವು ಪೆಟ್ರೋಲಿನ ಮೂರನೇ ಎರಡರಷ್ಟೇ, ಮೇಲಾಗಿ ಹಳೆಯ ಗಾಡಿಯ ರಬ್ಬರು ಕೊಳವೆಗಳಿಗೆ ಅದು ಆಗದು. ಅಂಬಾಸಿಡರನ್ನು ಹೊಸದಾಗಿ ಮಾಡುವುದೂ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಇವೆಲ್ಲ ಹೌದು. ಆದರೆ 2001ರಲ್ಲಿ ಇವು ಯಾವುವೂ ಇರಲಿಲ್ಲ. ಇದ್ದದ್ದು ನನ್ನ ಅವಸರ.

ಕಳೆದ ವರ್ಷ ತಿರುಪ್ಪೂರಿಗೆ ಹೋಗಿದ್ದೆ. ಬೋರ್ಡು ಓದಿದ ಸಣ್ಣವಳಿಗೆ ಈಗ ಒಂಬತ್ತು ವರ್ಷದ ಮಗ. ಅವನಿಗೆ ಕನ್ನಡ ಬಾರದು. ಪುಸ್ತಕ ತೆಗೆದು ಆ ಸಾಲು ತೋರಿಸಿದೆ. ಅವಳು ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಕೂಡಿಸಿ ಓದಿದಳು, “ಮಿಠಾಯಿ” ಎಂಬಲ್ಲಿ ನಿಂತಳು. ಹುಡುಗ ತಮಿಳಿನಲ್ಲಿ ಏನದು ಎಂದು ಕೇಳಿದ. “ಅಜ್ಜನ ಲೆಕ್ಕ” ಎಂದಳು, ಕನ್ನಡದಲ್ಲಿಯೇ.

ದೂರದ ಊರುಗಳಲ್ಲಿ ನೆಂಟರಿರುವ ನಮ್ಮ ಮನೆಗಳಲ್ಲಿ ಇಂತಹ ಲೆಕ್ಕಗಳು ನಡೆಯುತ್ತಲೇ ಇರುತ್ತವೆ. ಬರುವ ಖರ್ಚು ಹೆಚ್ಚು, ಫೋನು ಮಾಡಿದರೆ ಸಾಕು ಎನ್ನುತ್ತೇವೆ. ಹಾಗೆ ಹೇಳುವ ಮೊದಲು ಮೊತ್ತವನ್ನು ಒಡೆದು ನೋಡಿ ಎಂದಷ್ಟೇ ನನ್ನ ವಿನಂತಿ.

ಬರುವ ಬೇಸಗೆಗೆ ಅವರು ಕುಂಬಳೆಗೆ ಬರುವುದೆಂದಾಗಿದೆ. ಅವರದು ಹೊಸ ಕಾರು, ಲೀಟರಿಗೆ ಹದಿನೈದು ಕೊಡುತ್ತದಂತೆ. ಹೋಗಿಬರಲು ಐವತ್ತೇಳು ಲೀಟರು, ಆರು ಸಾವಿರದ ಹತ್ತಿರ. 2024ರಲ್ಲಿ ತೆರೆದ ತಲಶ್ಶೇರಿ-ಮಾಹೆ ಬೈಪಾಸಿನಲ್ಲಿ ಹೋದರೆ ಅರ್ಧ ಗಂಟೆ ಉಳಿಯುತ್ತದೆ ಎಂದ ಅವಳ ಗಂಡ. ಬೇಡ, ಹಳೆಯ ದಾರಿಯಲ್ಲಿಯೇ ಬನ್ನಿ, ಮಾಹೆಯಲ್ಲಿ ನಿಲ್ಲಿಸಿ ತುಂಬಿಸಿ ಎಂದೆ. ಪೆಟ್ರೋಲಿನ ದುಡ್ಡು ನನ್ನದು.